ಬಿದ್ದ ಮೇಲೆ ಮರಳಿ ಬರುವುದು ಹೇಗೆ: ಕ್ಷಮೆ ಮತ್ತು ಪುನಃಸ್ಥಾಪನೆಗೆ ಒಂದು ಸಮಗ್ರ ಮಾರ್ಗದರ್ಶಿ

ದಾವಣಗೆರೆಯಂಥ ಊರಿನಲ್ಲಿ ಕ್ರೈಸ್ತ ವಿಶ್ವಾಸಿಯೊಬ್ಬರು ಪಾಪದಲ್ಲಿ ಎಡವಿದರೆ ಸಭೆಯಿಂದ ದೂರವಾಗುವ ರೀತಿ ಹೆಚ್ಚುಕಡಿಮೆ ಒಂದೇ. ಮೊದಲು ಮುಂದಿನ ಸಾಲಿನಿಂದ ಹಿಂದಿನ ಬೆಂಚಿಗೆ ಬರುತ್ತಾರೆ. ಆಮೇಲೆ ಕೊನೆಯ ಆಶೀರ್ವಾದಕ್ಕೆ ಮುಂಚೆಯೇ ಎದ್ದು ಹೊರಡುತ್ತಾರೆ, ಬಾಗಿಲಲ್ಲಿ ಯಾರ ಕೈಗೂ ಸಿಗಬಾರದಲ್ಲ! ಸ್ವಲ್ಪ ದಿನಕ್ಕೆ ಕ್ರಿಸ್‌ಮಸ್ ಮತ್ತು ಶುಭ ಶುಕ್ರವಾರ ಮಾತ್ರ ಉಳಿಯುತ್ತವೆ. ಕ್ಯಾಥೋಲಿಕರಾದರೆ ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯ ಮಾತೆ ಹಬ್ಬದ ಜನಜಂಗುಳಿಯಲ್ಲಿ ಒಂದು ಮೇಣದ ಬತ್ತಿ ಹಚ್ಚಿ, ಯಾರ ಮುಖವನ್ನೂ ನೋಡದೆ ಬಸ್ ಹತ್ತುತ್ತಾರೆ. ಇನ್ನು ಕೆಲವರು ಊರಿನ ಇನ್ನೊಂದು ತುದಿಯಲ್ಲಿ ತಮ್ಮ ಗುರುತಿಲ್ಲದ ಸಭೆ ಹುಡುಕಿಕೊಳ್ಳುತ್ತಾರೆ. ಅಲ್ಲಿ ಹೊಸಬರು, ಹಾಗಾಗಿ ಯಾರೂ ಏನೂ ಕೇಳುವುದಿಲ್ಲ.

ಈ ಮಾರ್ಗದರ್ಶಿ ಅಂಥವರಿಗಾಗಿ. ಅಂಥವರು ತಮ್ಮ ಮನೆಯಲ್ಲೋ ಸಭೆಯಲ್ಲೋ ಇರುವವರಿಗೂ ಹೌದು. ಕ್ಯಾಥೋಲಿಕ್, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ), ಪೆಂತೆಕೋಸ್ತ್, ಯಾವ ಸಭೆಯವರಾದರೂ ಓದಬಹುದು. ಪದ್ಧತಿ ಬೇರೆಯಾಗುವ ಕಡೆ ಬೇರೆ ಅಂತಲೇ ಹೇಳುತ್ತೇನೆ.

ಶುರು ಮಾಡುವ ಮುಂಚೆ ಒಂದು ವಿಷಯ ಸ್ಪಷ್ಟವಾಗಬೇಕು. ಕ್ಷಮೆ ಬೇರೆ, ಪುನಃಸ್ಥಾಪನೆ ಬೇರೆ. ಕ್ಷಮೆ ದೇವರು ಕೊಡುವುದು. ನಿಜವಾಗಿ ಕೇಳಿದವರನ್ನು ಆತನು ಕಾಯಿಸುವುದಿಲ್ಲ. ಪುನಃಸ್ಥಾಪನೆ ಅಂದರೆ ಮುರಿದ ಸಂಬಂಧ, ಹೋದ ನಂಬಿಕೆ, ಬಿಟ್ಟುಹೋದ ಸೇವೆ ಮತ್ತೆ ಸರಿಯಾಗುವುದು. ಅದು ಜನರ ನಡುವೆ ಆಗಬೇಕಾದ ಕೆಲಸ, ಹಾಗಾಗಿ ದಿನ ಹಿಡಿಯುತ್ತದೆ. ನಾನು ನೋಡಿದ ಮಟ್ಟಿಗೆ ಅರ್ಧಕ್ಕರ್ಧ ಗೋಳು ಇವೆರಡನ್ನೂ ಕಲಸಿಬಿಡುವುದರಿಂದಲೇ ಬರುತ್ತದೆ. “ನಾನು ಇನ್ನೂ ಸ್ವಲ್ಪ ಸರಿಯಾಗ್ತೀನಿ, ಆಮೇಲೆ ದೇವರ ಹತ್ತಿರ ಹೋಗ್ತೀನಿ” ಅಂತ ಒಬ್ಬರು ವರ್ಷಗಟ್ಟಲೆ ಕಾಯುತ್ತಾರೆ. “ದೇವರೇ ಕ್ಷಮಿಸಿದ ಮೇಲೆ ನೀವ್ಯಾರು ಕೇಳೋಕೆ?” ಅಂತ ಇನ್ನೊಬ್ಬರು ಮುಂದಿನ ಭಾನುವಾರವೇ ಮೈಕ್ ಹಿಡಿಯುತ್ತಾರೆ. ಮೊದಲಿನವರು ಕ್ಷಮೆಗೆ ಸುಮ್ನೆ ಕಾಯುತ್ತಿದ್ದಾರೆ. ಎರಡನೆಯವರು ಸ್ಥಾನಕ್ಕೆ ಅವಸರ ಮಾಡುತ್ತಿದ್ದಾರೆ.

ಮಾತು ಗಾಳಿಯಲ್ಲಿ ಹೋಗಬಾರದು ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇದು ಕಟ್ಟಿದ ಉದಾಹರಣೆ, ಯಾರದೋ ಮನೆಯ ಕಥೆ ಅಲ್ಲ. ಒಬ್ಬ ಹುಡುಗ. ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ. ಸಭೆಯ ಯೌವನಸ್ಥರ ಕೂಟಕ್ಕೆ ಖಜಾಂಚಿ. ಸುಗ್ಗಿ ಹಬ್ಬದ ಹರಾಜಿನಲ್ಲಿ ಬಂದ ದುಡ್ಡಿನಲ್ಲಿ 24,000 ರೂಪಾಯಿ ತೆಗೆದು ಕ್ರಿಕೆಟ್ ಬೆಟ್ಟಿಂಗಿಗೆ ಹಾಕಿದ. ಗೆದ್ದು ವಾಪಸ್ ಇಡೋಣ ಅಂದುಕೊಂಡಿದ್ದ. ಎಲ್ಲವೂ ಹೋಯಿತು. ಲೆಕ್ಕದ ಪುಸ್ತಕದಲ್ಲಿ ಸುಳ್ಳು ಬರೆದ. ಈಗ ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ.

ಮೊದಲ ಹಂತ: ಆದದ್ದನ್ನು ಇದ್ದ ಹಾಗೆ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಮೊಬೈಲ್ ಬೇಡ, ಹಾಳೆಯೇ ಇರಲಿ, ಆಮೇಲೆ ಹರಿದು ಹಾಕಬಹುದು. ಆದದ್ದನ್ನು ಬರೆಯಿರಿ. “ನಾನು ದುರ್ಬಲನಾದೆ”, “ಸೈತಾನನು ನನ್ನನ್ನು ಶೋಧಿಸಿದನು”, “ಪರಿಸ್ಥಿತಿ ಹಾಗಿತ್ತು” ಅಂತ ಬರೆದರೆ ಏನೂ ಬರೆದ ಹಾಗಾಗಲಿಲ್ಲ. ನಮ್ಮ ಹುಡುಗ ಬರೆಯಬೇಕಾದದ್ದು ಇಷ್ಟೇ: “ಸಭೆಯ 24,000 ರೂಪಾಯಿ ಕದ್ದೆ. ಬೆಟ್ಟಿಂಗ್ ಆಡಿದೆ. ಲೆಕ್ಕದಲ್ಲಿ ಸುಳ್ಳು ಬರೆದೆ. ಅಮ್ಮ ಕೇಳಿದಾಗಲೂ ಸುಳ್ಳು ಹೇಳಿದೆ.” ನಾಲ್ಕು ಸಾಲು. ಕೈ ನಡುಗುವುದು ಕೊನೆಯ ಸಾಲಿಗೇ.

ಬರೆದ ಮೇಲೆ ಒಂದು ಸಲ ಸೋಸಿ ನೋಡಿ. ನಮ್ಮಲ್ಲಿ ಪಾಪವಲ್ಲದ್ದಕ್ಕೂ ತಲೆ ತಗ್ಗಿಸುವವರು ಜಾಸ್ತಿ. ಪಿಯುಸಿಯಲ್ಲಿ ಫೇಲಾದದ್ದು, ಮೆಕ್ಕೆಜೋಳದ ರೇಟು ಬಿದ್ದು ಸಾಲ ತೀರಿಸಲಾಗದೆ ಹೋದದ್ದು, ಮಕ್ಕಳಾಗದಿರುವುದು, ಮದುವೆ ಮುರಿದದ್ದರಲ್ಲಿ ಇನ್ನೊಬ್ಬರ ಪಾಲು, ಇವು ಯಾವುವೂ ನೀವು ಅರಿಕೆ ಮಾಡಬೇಕಾದ ಪಾಪವಲ್ಲ. ದುಃಖ ಪಡಿ, ಸಹಾಯ ಕೇಳಿ. ಆದರೆ ಪಾಪದ ಪಟ್ಟಿಯಿಂದ ಹೊಡೆದುಹಾಕಿ. ನಿಮ್ಮ ಮೇಲೆ ಬೇರೆಯವರು ಮಾಡಿದ ದೌರ್ಜನ್ಯವಂತೂ ಖಂಡಿತ ನಿಮ್ಮ ಪಾಪವಲ್ಲ. ಚಿಕ್ಕ ವಯಸ್ಸಿನಲ್ಲಿ ಯಾರೋ ಮೈಮುಟ್ಟಿದ್ದಕ್ಕೆ ಇವತ್ತಿಗೂ ದೇವರ ಹತ್ತಿರ ಕ್ಷಮೆ ಕೇಳುವ ಹೆಣ್ಣುಮಕ್ಕಳಿದ್ದಾರೆ. ಅವರಿಗೆ ಬೇಕಾದದ್ದು ಕ್ಷಮೆಯಲ್ಲ, ನ್ಯಾಯ ಮತ್ತು ಸಾಂತ್ವನ.

ಎರಡನೇ ಹಂತ: ದೇವರ ಮುಂದೆ, ಇವತ್ತೇ

ಬೈಬಲಿನಲ್ಲಿ ಕೀರ್ತನೆ 51 ತೆಗೆಯಿರಿ. ರಾಜ ದಾವೀದನು ಬತ್ಷೆಬೆಯ ವಿಷಯದಲ್ಲಿ ಬಿದ್ದು, ಅವಳ ಗಂಡ ಊರೀಯನನ್ನು ಯುದ್ಧದಲ್ಲಿ ಸಾಯುವಂತೆ ಮಾಡಿ, ಪ್ರವಾದಿ ನಾತಾನನು ಬಂದು “ಆ ಮನುಷ್ಯನು ನೀನೇ” ಅಂದ ಮೇಲಿನ ಪ್ರಾರ್ಥನೆ ಅದು. ಜೋರಾಗಿ ಓದಿ. ಎಲ್ಲಿ “ನನ್ನ ಪಾಪ” ಅಂತ ಬರುತ್ತದೋ ಅಲ್ಲಿ ನಿಲ್ಲಿಸಿ, ನಿಮ್ಮ ಹಾಳೆಯ ಸಾಲು ಓದಿ, ಮುಂದುವರಿಯಿರಿ. ಪ್ರಾರ್ಥನೆಗೆ ಮಾತು ಸಿಗದವರಿಗೆ ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಇದನ್ನೇ ಮುಂದೂಡಿದರೆ ಏನಾಗುತ್ತದೆ ಅನ್ನುವುದನ್ನು ಕೀರ್ತನೆ 32 ಹೇಳುತ್ತದೆ. ಅರಿಕೆ ಮಾಡದೆ ಬಾಯಿಮುಚ್ಚಿಕೊಂಡಿದ್ದಷ್ಟು ದಿನ ಎಲುಬುಗಳು ಸವೆದವು, ಬೇಸಿಗೆಯ ಬಿಸಿಲಿಗೆ ಸಿಕ್ಕಂತೆ ಮೈಯ ಸಾರವೆಲ್ಲ ಬತ್ತಿಹೋಯಿತು ಅನ್ನುತ್ತಾನೆ. ಚಳ್ಳಕೆರೆ, ಹಿರಿಯೂರು ಕಡೆಯವರಿಗೆ ಆ ಬಿಸಿಲನ್ನು ವಿವರಿಸಬೇಕಾಗಿಲ್ಲ.

“ನಾನು ಯೋಗ್ಯನಾಗಿಲ್ಲವಲ್ಲ” ಅನ್ನುವವರು ಲೂಕ 15ನೇ ಅಧ್ಯಾಯವನ್ನು ಸ್ವಲ್ಪ ನಿಧಾನವಾಗಿ ಓದಿ. ಮನೆ ಬಿಟ್ಟು ಹೋದ ಕಿರಿಮಗ ಹಂದಿ ಮೇಯಿಸುವ ಜಾಗದಲ್ಲೇ ಒಂದು ಭಾಷಣ ತಯಾರು ಮಾಡಿಕೊಳ್ಳುತ್ತಾನೆ. ಪಾಪ ಮಾಡಿದ್ದೇನೆ, ಮಗ ಅನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯವರಲ್ಲಿ ಒಬ್ಬನನ್ನಾಗಿ ಇಟ್ಟುಕೋ. ಮೂರು ಮಾತು. ಆದರೆ ಅಪ್ಪನ ಮುಂದೆ ಬಂದಾಗ ಅವನ ಬಾಯಿಂದ ಬರುವುದು ಎರಡೇ. ಕೂಲಿಯ ಮಾತು ಬರುವಷ್ಟರಲ್ಲಿ ಅಪ್ಪ ಅಂಗಿ, ಉಂಗುರ, ಜೋಡು ತರಿಸುತ್ತಿದ್ದಾನೆ. ನಮ್ಮಲ್ಲಿ ಎಷ್ಟೋ ಜನ ಆ ಮೂರನೇ ಮಾತನ್ನೇ ಹಿಡಿದುಕೊಂಡು ಕೂತಿದ್ದೇವೆ. ಇಷ್ಟು ವರ್ಷ ಉಪವಾಸ ಮಾಡಿ ತೀರಿಸ್ತೀನಿ, ಇಷ್ಟು ಸಲ ಹರಿಹರಕ್ಕೆ ನಡೆದು ಹೋಗ್ತೀನಿ ಅಂತ ಕೂಲಿ ಲೆಕ್ಕ ಹಾಕುತ್ತೇವೆ. ಉಪವಾಸ ಒಳ್ಳೆಯದು, ನಡೆಯುವುದೂ ಒಳ್ಳೆಯದು. ಕ್ಷಮೆಯ ಬೆಲೆಯಾಗಿ ಮಾತ್ರ ಬೇಡ. ಆ ಬೆಲೆ ಶಿಲುಬೆಯಲ್ಲಿ ತೀರಿದೆ ಅನ್ನುವುದೇ ಅಲ್ವಾ ನಮ್ಮ ನಂಬಿಕೆ?

ಅರಿಕೆ ಮಾಡಿದವರ ಪಾಪವನ್ನು ದೇವರು ಕ್ಷಮಿಸುತ್ತಾನೆ ಅಂತ 1 ಯೋಹಾನ 1:9 ಹೇಳುತ್ತದೆ. ಅಳು ಬಂತಾ, ಮೈ ಜುಮ್ಮೆಂದಿತಾ, ಮನಸ್ಸು ಹಗುರವಾಯಿತಾ ಅನ್ನುವ ಷರತ್ತು ಆ ವಚನದಲ್ಲಿಲ್ಲ. ಅರಿಕೆ ಮಾಡಿದಿರಿ, ಕ್ಷಮೆ ಆಯಿತು. ಏನೂ ಅನಿಸದಿದ್ದರೂ ಎದ್ದು ಮುಂದಿನ ಹಂತಕ್ಕೆ ಬನ್ನಿ.

ಮೂರನೇ ಹಂತ: ಒಬ್ಬರ ಹತ್ತಿರ ಬಾಯಿಬಿಟ್ಟು ಹೇಳಿ

ಇಲ್ಲಿ ಸಭೆಗಳ ದಾರಿ ಬೇರೆಯಾಗುತ್ತದೆ.

ಕ್ಯಾಥೋಲಿಕರಿಗೆ ಇದು ಪಾಪನಿವೇದನೆ ಸಂಸ್ಕಾರ. ವರ್ಷಕ್ಕೆ ಒಂದು ಸಲವಾದರೂ ಮಾಡಬೇಕು ಅನ್ನುವ ನಿಯಮ 1215ರ ನಾಲ್ಕನೇ ಲ್ಯಾಟರನ್ ಮಹಾಸಭೆಯಷ್ಟು ಹಳೆಯದು. ಬಹಳ ದಿನ ಬಿಟ್ಟವರಿಗೆ ಕ್ರಮ ಮರೆತುಹೋಗಿರುತ್ತದೆ, ಅದೇ ನಾಚಿಕೆಯಿಂದ ಹೋಗುವುದಿಲ್ಲ. ಹೀಗೆ ಮಾಡಿ: ಒಳಗೆ ಹೋಗಿ ಶಿಲುಬೆ ಗುರುತು ಹಾಕಿ, “ಫಾದರ್, ನಾನು ಪಾಪನಿವೇದನೆ ಮಾಡಿ ತುಂಬಾ ವರ್ಷ ಆಯ್ತು. ಕ್ರಮ ಮರೆತಿದೆ, ಹೇಳಿಕೊಡಿ” ಅನ್ನಿ. ಅವರು ಕೈಹಿಡಿದು ನಡೆಸುತ್ತಾರೆ. ಗಂಭೀರ ಪಾಪಗಳನ್ನು ಹೆಸರಿಟ್ಟು ಹೇಳಿ, ಕಥೆ ಬೆಳೆಸಬೇಡಿ. ಕೇಳಿಸಿಕೊಂಡದ್ದನ್ನು ಗುರುಗಳು ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ಅವರು ಕೊಡುವ ಪ್ರಾಯಶ್ಚಿತ್ತ ಸಣ್ಣದಾಗಿ ಕಾಣಬಹುದು. “ಇಷ್ಟೇನಾ?” ಅಂತ ಚೌಕಾಸಿ ಮಾಡಬೇಡಿ. ಪರಿಚಯದ ಗುರುಗಳ ಮುಂದೆ ಬಾಯಿ ಬರದಿದ್ದರೆ ಬೇರೆ ಚರ್ಚಿಗೆ ಹೋದರೂ ತಪ್ಪಿಲ್ಲ.

ಸಿಎಸ್‌ಐಯಲ್ಲಿ ಆರಾಧನೆಯ ಕ್ರಮದಲ್ಲೇ ಎಲ್ಲರೂ ಸೇರಿ ಮಾಡುವ ಪಾಪದ ಅರಿಕೆ ಇದೆ. ಅದನ್ನು ಕಂಠಪಾಠದ ಹಾಗೆ ಗೊಣಗಿ ಮುಗಿಸುವ ಅಭ್ಯಾಸವೂ ಇದೆ. ಆ ವಾರ ನಿಮ್ಮ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ನಿಂತು ನೋಡಿ, ಅದೇ ಮಾತು ಬೇರೆಯಾಗಿ ಕೇಳಿಸುತ್ತದೆ. ಆದರೆ ದೊಡ್ಡ ಬೀಳುವಿಕೆಗೆ ಇದೊಂದೇ ಸಾಲದು. ಒಬ್ಬರಿಗೊಬ್ಬರು ಪಾಪ ಅರಿಕೆ ಮಾಡಿ ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿ ಅಂತ ಯಾಕೋಬನು (5:16) ಬರೆದದ್ದು ಸುಮ್ನೆ ಅಲ್ಲ. ಅಯ್ಯನವರೋ, ಪಾಸ್ಟರೋ, ಸಭೆಯ ಹಿರಿಯ ಅಕ್ಕನೋ, ಒಬ್ಬರ ಹತ್ತಿರ ಹೇಳಿ.

ಯಾರ ಹತ್ತಿರ? ಬೇರೆಯವರ ಗುಟ್ಟು ನಿಮ್ಮ ಮುಂದೆ ಹೇಳಿದವರ ಹತ್ತಿರ ಬೇಡ, ನಾಳೆ ನಿಮ್ಮದೂ ಹೊರಗೆ ಬರುತ್ತದೆ. “ಅಯ್ಯೋ ಬಿಡಪ್ಪ, ಎಲ್ಲರೂ ಮಾಡ್ತಾರೆ” ಅನ್ನುವವರೂ ಬೇಡ. ಕೇಳಿಸಿಕೊಂಡು, ಬೈಯುವುದಾದರೆ ಬೈದು, ಮುಂದಿನ ವಾರ ಫೋನ್ ಮಾಡುವವರು ಬೇಕು. ಹೆಂಗಸರು ಹೆಂಗಸರ ಹತ್ತಿರ, ಗಂಡಸರು ಗಂಡಸರ ಹತ್ತಿರ ಹೇಳಿಕೊಳ್ಳುವುದು ಒಳ್ಳೆಯದು. ಪ್ರಾರ್ಥನಾ ಗುಂಪಿನ ವಾಟ್ಸಾಪಿನಲ್ಲಿ “ಒಬ್ಬ ಸಹೋದರನ ಪರವಾಗಿ ಪ್ರಾರ್ಥಿಸಿ, ಬಿದ್ದಿದ್ದಾರೆ” ಅಂತ ಹಾಕುವವರಿಂದ ಮಾರು ದೂರ ಇರಿ. ಅದು ಪ್ರಾರ್ಥನೆಯ ಹೆಸರಿನ ಚಾಡಿ. ಇಷ್ಟು ಬೇಗ ಸಾಕ್ಷಿ ಹೇಳಲು ವೇದಿಕೆಯನ್ನೂ ಹತ್ತಬೇಡಿ. ಗಾಯ ಆರುವ ಮುಂಚೆ ಹೇಳಿದ ಸಾಕ್ಷಿಗೆ ಚಪ್ಪಾಳೆ ಸಿಗುತ್ತದೆ, ಆ ಚಪ್ಪಾಳೆಯೇ ಮದ್ದು ಅನಿಸಿಬಿಡುತ್ತದೆ.

ಒಂದು ವಿಷಯದಲ್ಲಿ ಮಾತ್ರ ಗುಟ್ಟು ಇಡುತ್ತೇನೆ ಅಂತ ಯಾವ ಪಾಸ್ಟರೂ, ಹಿರಿಯರೂ ಮಾತು ಕೊಡಬಾರದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು. “ಸಭೆಯ ಮರ್ಯಾದೆ” ಅಂತ ಮುಚ್ಚಿಟ್ಟರೆ ಅದು ಕ್ಷಮೆಯಲ್ಲ, ಇನ್ನೊಂದು ಅಪರಾಧ.

ನಾಲ್ಕನೇ ಹಂತ: ಕೆಡಿಸಿದ್ದನ್ನು ಸರಿಮಾಡಿ

ಎಲ್ಲಕ್ಕಿಂತ ಕಷ್ಟದ ಹಂತ ಇದು, ಹಾಗಾಗಿ ಹೆಚ್ಚಿನವರು ಹಾರಿಸಿಬಿಡುವುದೂ ಇದನ್ನೇ. ಹಾರಿಸಲು ವಚನವೂ ಸಿಗುತ್ತದೆ. ಕೀರ್ತನೆ 51ರಲ್ಲಿ “ನಿನಗೇ ತಪ್ಪು ಮಾಡಿದ್ದೇನೆ” ಅಂತ ದಾವೀದನು ದೇವರಿಗೆ ಹೇಳುತ್ತಾನಲ್ಲ, ಹಾಗಾದರೆ ಮನುಷ್ಯರ ಹತ್ತಿರ ಯಾಕೆ ಹೋಗಬೇಕು ಅನ್ನುತ್ತಾರೆ. ಊರೀಯನ ಹತ್ತಿರ ಹೋಗಿ ಕ್ಷಮೆ ಕೇಳಲು ಊರೀಯ ಬದುಕಿರಲಿಲ್ಲ, ಸ್ವಾಮಿ! ನೀವು ಕೆಡಿಸಿದವರು ಪಕ್ಕದ ಬೀದಿಯಲ್ಲೇ ಇದ್ದಾರೆ. ಕಾಣಿಕೆ ಕೊಡಲು ಬಂದಾಗ ಸಹೋದರನ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಸಮಾಧಾನವಾಗು ಅಂತ ಯೇಸು ಹೇಳಿದ್ದು ಮತ್ತಾಯ 5ರಲ್ಲಿದೆ.

ದುಡ್ಡಿನ ವಿಷಯವಾದರೆ ಬೈಬಲಿನಲ್ಲಿ ಲೆಕ್ಕವೇ ಇದೆ. ಅರಣ್ಯಕಾಂಡ 5:7 ಪ್ರಕಾರ ಅಸಲಿನ ಜೊತೆಗೆ ಐದರಲ್ಲೊಂದು ಪಾಲು ಸೇರಿಸಿ ಕೊಡಬೇಕು. ಸುಂಕದ ಜಕ್ಕಾಯನು ತಾನಾಗಿಯೇ ನಾಲ್ಕರಷ್ಟು ಕೊಡುತ್ತೇನೆ ಅಂದ. ಮೋಶೆಯ ಆ ನಿಯಮ ಇವತ್ತು ನಮ್ಮನ್ನು ಕಾನೂನಾಗಿ ಕಟ್ಟುವುದಿಲ್ಲ, ಆದರೆ ಅಳತೆಗೋಲಾಗಿ ಚೆನ್ನಾಗಿದೆ. ನಮ್ಮ ಹುಡುಗನಿಗೆ ಹಾಕಿ ನೋಡೋಣ. ಅಸಲು 24,000. ಐದರಲ್ಲೊಂದು 4,800. ಒಟ್ಟು 28,800. ತಿಂಗಳಿಗೆ 2,400ರಂತೆ ಕೊಟ್ಟರೆ ಒಂದು ವರ್ಷ. ಅಪ್ಪನ ಹತ್ತಿರ ಇಸಿದುಕೊಂಡು ಒಂದೇ ಸಲ ತೀರಿಸಬಹುದಲ್ಲ ಅನ್ನಬಹುದು. ತೀರಿಸಬಹುದು, ಆದರೆ ಆಗ ತೀರಿಸಿದ್ದು ಅಪ್ಪ. ಸಭೆಗೆ ಅವಸರವಿಲ್ಲದಿದ್ದರೆ ಸಂಬಳದಿಂದಲೇ ತಿಂಗಳು ತಿಂಗಳು ಕೊಡುವುದು ಮೇಲು. ಪ್ರತಿ ಸಲ ರಸೀದಿ ಪಡೆಯಲಿ.

ಹೋಗಿ ಹೇಳುವಾಗ ಮಾತು ಹೀಗಿರಲಿ:

“ಅಂಕಲ್, ಸುಗ್ಗಿ ಹಬ್ಬದ ಹರಾಜಿನ ದುಡ್ಡಲ್ಲಿ 24,000 ನಾನೇ ತಗೊಂಡಿದ್ದೆ. ಬೆಟ್ಟಿಂಗಲ್ಲಿ ಕಳೆದೆ. ಲೆಕ್ಕದಲ್ಲಿ ಸುಳ್ಳು ಬರೆದಿದ್ದೀನಿ, ಆ ಪುಟ ತೋರಿಸ್ತೀನಿ. ತಿಂಗಳಿಗೆ 2,400 ಕೊಟ್ಟು ತೀರಿಸ್ತೀನಿ. ಖಜಾಂಚಿ ಕೆಲಸ ಇವತ್ತೇ ಬಿಡ್ತೀನಿ. ಕಮಿಟಿ ಏನು ತೀರ್ಮಾನ ಮಾಡಿದರೂ ಒಪ್ಪಿಕೊಳ್ತೀನಿ. ನನ್ನನ್ನು ಕ್ಷಮಿಸಿ.”

ಇದರಲ್ಲಿ ಏನೇನಿಲ್ಲ ಅನ್ನುವುದನ್ನು ಗಮನಿಸಿ. “ತಪ್ಪಾಗಿದ್ದರೆ ಕ್ಷಮಿಸಿ” ಇಲ್ಲ. ಆಗಿದ್ದರೆ ಅಂದರೇನು, ಆಗಿದೆಯಲ್ಲ! “ಸ್ನೇಹಿತರು ಕರೆದರು” ಇಲ್ಲ. “ಯಾರಿಗೂ ಹೇಳಬೇಡಿ” ಇಲ್ಲ. ಕಮಿಟಿ ಪೊಲೀಸ್ ದೂರು ಕೊಡಲೂಬಹುದು. ಅದು ಅವರ ಹಕ್ಕು. ನಾತಾನನು ದಾವೀದನಿಗೆ ಕ್ಷಮೆಯನ್ನೂ ಪರಿಣಾಮವನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು 2 ಸಮುವೇಲ 12ರಲ್ಲಿದೆ.

ದುಡ್ಡಲ್ಲದ ವಿಷಯಗಳು ಇನ್ನೂ ಸೂಕ್ಷ್ಮ. ಒಬ್ಬರ ಮೇಲೆ ಸುಳ್ಳು ಸುದ್ದಿ ಹಬ್ಬಿಸಿದ್ದರೆ, ಯಾರ ಯಾರ ಮುಂದೆ ಹೇಳಿದ್ದಿರೋ ಅವರ ಮನೆಗೇ ಹೋಗಿ “ನಾನು ಹೇಳಿದ್ದು ಸುಳ್ಳು” ಅನ್ನಿ. ದಾಂಪತ್ಯದಲ್ಲಿ ದ್ರೋಹವಾಗಿದ್ದರೆ ಮೊದಲು ಒಬ್ಬ ಅನುಭವಿ ಗುರುಗಳ ಅಥವಾ ಕೌನ್ಸೆಲರ್ ಜೊತೆ ಮಾತಾಡಿ, ಆಮೇಲೆ ಹೆಂಡತಿಗೋ ಗಂಡನಿಗೋ ಹೇಗೆ ಹೇಳಬೇಕು ಅಂತ ನಿರ್ಧರಿಸಿ. ಮನಸ್ಸು ಹಗುರ ಮಾಡಿಕೊಳ್ಳಲು ರಾತ್ರಿ ಹನ್ನೊಂದಕ್ಕೆ ಎಲ್ಲವನ್ನೂ ಹೇಳಿ ತಾವು ನಿದ್ದೆ ಹೋಗುವವರಿದ್ದಾರೆ. ಭಾರ ಇಳಿಯಲಿಲ್ಲ, ಪಕ್ಕದವರ ತಲೆಗೆ ಹೋಯಿತು ಅಷ್ಟೇ. ನೀವು ಹೊಡೆದು ಹಿಂಸೆ ಕೊಟ್ಟವರನ್ನು, ಅವರಿಗೆ ಇಷ್ಟವಿಲ್ಲದಿದ್ದರೆ, ಕ್ಷಮೆ ಕೇಳುವ ನೆಪದಲ್ಲೂ ಹುಡುಕಿಕೊಂಡು ಹೋಗಬೇಡಿ. ಪತ್ರ ಬರೆದು ನಡುವಿನವರೊಬ್ಬರ ಕೈಗೆ ಕೊಡಿ.

ಇನ್ನು, ಕೇಳಿದ ತಕ್ಷಣ ಅವರು ಕ್ಷಮಿಸಲೇಬೇಕು ಅಂತ ಬೈಬಲ್ ತೆರೆದು ತೋರಿಸಬೇಡಿ. ಏಳೆಪ್ಪತ್ತು ಸಲ ಕ್ಷಮಿಸಬೇಕು ಅನ್ನುವ ಮಾತು ನೋವು ತಿಂದವರು ತಾವೇ ಓದಿಕೊಳ್ಳಬೇಕಾದದ್ದು, ನೋವು ಕೊಟ್ಟವರು ಓದಿ ಹೇಳಬೇಕಾದದ್ದಲ್ಲ. ಅವರು ಕ್ಷಮಿಸಿದರೂ ಬೀರುವಿನ ಕೀಲಿ ನಿಮ್ಮ ಕೈಗೆ ಕೊಡಬೇಕಾಗಿಲ್ಲ.

ಐದನೇ ಹಂತ: ಸ್ಥಾನಕ್ಕೆ ಮರಳುವುದು

ಕೂತು ಓದಬೇಕಾದದ್ದು ಯೇಸುವಿನ ಶಿಷ್ಯ ಪೇತ್ರನ ಕಥೆ. ಯೇಸುವನ್ನು ಹಿಡಿದ ರಾತ್ರಿ ಅವನು ಮೂರು ಸಲ “ನಾನು ಅವನನ್ನರಿಯೆ” ಅಂದದ್ದು ಎಲ್ಲರಿಗೂ ಗೊತ್ತು. ಅವನು ಹೇಗೆ ಮರಳಿದ ಅನ್ನುವುದರ ಕ್ರಮವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ.

ಬೀಳುವ ಮುಂಚೆಯೇ ಯೇಸು ಅವನಿಗಾಗಿ ಪ್ರಾರ್ಥಿಸಿದ್ದನು, ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು ಅಂತ ಕೆಲಸವನ್ನೂ ಹೇಳಿದ್ದನು (ಲೂಕ 22:32). ಪುನರುತ್ಥಾನದ ಬೆಳಗ್ಗೆ ಸಮಾಧಿಯ ಹತ್ತಿರ ಹೆಂಗಸರಿಗೆ ಸಿಕ್ಕ ಸಂದೇಶ “ಶಿಷ್ಯರಿಗೂ ಪೇತ್ರನಿಗೂ” ಹೇಳಿ ಅಂತ (ಮಾರ್ಕ 16:7). ಪೇತ್ರನ ಹೆಸರನ್ನು ಬೇರೆಯಾಗಿ ತೆಗೆದು ಹೇಳಿದೆ. ಆ ದಿನ ಕರ್ತನು ಸೀಮೋನನಿಗೆ, ಅಂದರೆ ಪೇತ್ರನಿಗೆ, ಕಾಣಿಸಿಕೊಂಡನು ಅಂತ ಲೂಕ 24:34 ಹೇಳುತ್ತದೆ. 1 ಕೊರಿಂಥ 15:5ರಲ್ಲೂ ಅದೇ ಇದೆ. ಆದರೆ ಆ ಭೇಟಿಯಲ್ಲಿ ಏನು ಮಾತಾಯಿತು ಅಂತ ನಾಲ್ಕು ಸುವಾರ್ತೆಗಳಲ್ಲಿ ಒಂದೂ ಹೇಳುವುದಿಲ್ಲ. ಅದು ಅವರಿಬ್ಬರ ನಡುವೆ ಉಳಿಯಿತು.

ಆಮೇಲೆ ಬರುವುದು ಯೋಹಾನ 21. ತಿಬೇರಿಯ ಸಮುದ್ರದ ದಡ. ಪೇತ್ರನ ಜೊತೆ ಇನ್ನೂ ಆರು ಮಂದಿ. ಕೆಂಡದ ಬೆಂಕಿ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಅವನು ಅಲ್ಲಗಳೆದದ್ದೂ ಮಹಾಯಾಜಕನ ಅಂಗಳದಲ್ಲಿ ಇಂಥದೇ ಕೆಂಡದ ಬೆಂಕಿಯ ಮುಂದೆ. ದಡಕ್ಕೆ ಬಂದ ಪೇತ್ರನನ್ನು ಯೇಸು ಕೂಡಲೇ ಪ್ರಶ್ನಿಸಲಿಲ್ಲ. “ಬಂದು ಊಟಮಾಡಿರಿ” ಅಂದನು. ಹೊಟ್ಟೆ ತುಂಬಿದ ಮೇಲೆ ಎಲ್ಲರ ಮುಂದೆ ಮೂರು ಸಲ ಕೇಳಿದನು: ನನ್ನನ್ನು ಪ್ರೀತಿಸುತ್ತೀಯೋ? ಮೂರನೇ ಸಲಕ್ಕೆ ಪೇತ್ರನಿಗೆ ನೋವಾಯಿತು ಅಂತಲೂ ಬರೆದಿದೆ. ಪ್ರತಿ ಸಲ ಉತ್ತರದ ಹಿಂದೆಯೇ ಕೆಲಸ: ನನ್ನ ಕುರಿಗಳನ್ನು ಮೇಯಿಸು.

ನನಗೆ ಕಾಣುವ ಕ್ರಮ ಇದು. ಕ್ಷಮೆ ಏಕಾಂತದಲ್ಲಿ, ಬೇಗ. ಸ್ಥಾನ ಎಲ್ಲರ ಮುಂದೆ, ಆಮೇಲೆ. ಮೂರು ಸಲ ಜನರ ಮುಂದೆ ಬಿದ್ದವನನ್ನು ಜನರ ಮುಂದೆಯೇ ಎಬ್ಬಿಸಬೇಕಿತ್ತು, ಇಲ್ಲದಿದ್ದರೆ ಉಳಿದ ಆರು ಮಂದಿ ಅವನ ಮಾತು ಹೇಗೆ ಕೇಳುತ್ತಿದ್ದರು?

ಸಭೆಯಲ್ಲಿ ಇದನ್ನು ಮಾಡುವುದು ಹೇಗೆ? ಗುಟ್ಟಾಗಿ ಬಿದ್ದವರನ್ನು ಗುಟ್ಟಾಗಿಯೇ ಎಬ್ಬಿಸಿ. ಎಲ್ಲರಿಗೂ ಗೊತ್ತಾದ ವಿಷಯವಾದರೆ ಎಲ್ಲರಿಗೂ ಗೊತ್ತಾಗುವಂತೆ ಎರಡು ಮಾತು ಹೇಳಿ. ವಿವರ ಬೇಡ. “ತಪ್ಪಾಗಿದೆ, ಒಪ್ಪಿಕೊಂಡಿದ್ದಾರೆ, ಸರಿಮಾಡುತ್ತಿದ್ದಾರೆ, ನಮ್ಮವರೇ” ಅಂದರೆ ಸಾಕು. ಜವಾಬ್ದಾರಿಯಲ್ಲಿದ್ದವರು ಕೆಳಗಿಳಿಯಲಿ. ಎಷ್ಟು ದಿನ? ಕ್ರಿ.ಶ. 325ರ ನೈಸಿಯಾ ಮಹಾಸಭೆಯ 11ನೇ ನಿಯಮ, ಒತ್ತಾಯವಿಲ್ಲದೆಯೇ ವಿಶ್ವಾಸ ಬಿಟ್ಟುಕೊಟ್ಟವರಿಗೆ ವಾಕ್ಯ ಕೇಳುವವರ ಜೊತೆ ಮೂರು ವರ್ಷ, ಮೊಣಕಾಲೂರಿ ಬೇಡುವವರ ಜೊತೆ ಏಳು ವರ್ಷ, ಕರ್ತನ ಭೋಜನವಿಲ್ಲದೆ ಪ್ರಾರ್ಥನೆಯಲ್ಲಿ ಎರಡು ವರ್ಷ, ಒಟ್ಟು 12 ವರ್ಷ ಇಟ್ಟಿತ್ತು. ಸಾಯುವವರಿಗೆ ಮಾತ್ರ ಕೊನೆಯ ಭೋಜನ ತಪ್ಪಿಸಬಾರದು ಅಂತ 13ನೇ ನಿಯಮ. ಅಷ್ಟು ವರ್ಷ ಇವತ್ತು ಯಾರೂ ಇಡುವುದಿಲ್ಲ, ಇಡಬೇಕಾಗಿಯೂ ಇಲ್ಲ. ಆದರೆ ಕೊನೆಯ ದಿನ ಯಾವುದು ಅಂತ ಅವರು ಹೇಳಿಟ್ಟಿದ್ದರು ನೋಡಿ, ಅದು ನಮಗೆ ಪಾಠ. ನಮ್ಮ ಸಭೆಗಳಲ್ಲಿ “ಸ್ವಲ್ಪ ದಿನ ಬಿಡಪ್ಪ” ಅಂದು, ಆ ಸ್ವಲ್ಪ ದಿನ ಎಂದು ಮುಗಿಯುತ್ತದೆ ಅಂತ ಯಾರೂ ಹೇಳುವುದಿಲ್ಲ. ಆ ಮನುಷ್ಯ ಬೇಸತ್ತು ಹೋಗುತ್ತಾನೆ. ತಪ್ಪು ಮಾಡಿದ ಒಬ್ಬನ ವಿಷಯದಲ್ಲಿ ಕೊರಿಂಥದ ಸಭೆಗೆ ಅಪೊಸ್ತಲ ಪೌಲನು ಬರೆದದ್ದೂ ಅದನ್ನೇ. ಶಿಕ್ಷೆ ಸಾಕು, ಕ್ಷಮಿಸಿ ಸಂತೈಸಿ, ಇಲ್ಲದಿದ್ದರೆ ದುಃಖದಲ್ಲಿ ಮುಳುಗಿಹೋದಾನು (2 ಕೊರಿಂಥ 2:6-7). ಆರು ತಿಂಗಳೋ ವರ್ಷವೋ, ತಾರೀಖು ಹಾಕಿ.

ಎಲ್ಲರೂ ಅದೇ ಸ್ಥಾನಕ್ಕೆ ಮರಳಬೇಕು ಅಂತಲೂ ಇಲ್ಲ. ಮಕ್ಕಳಿಗೆ ಹಾನಿ ಮಾಡಿದವರು ಮತ್ತೆಂದೂ ಸಂಡೇ ಸ್ಕೂಲಿನ ಹತ್ತಿರ ಸುಳಿಯಬಾರದು. ಇದರಲ್ಲಿ ರಾಜಿ ಇಲ್ಲ. ಬೇರೆ ಕೆಲಸದಲ್ಲಿ ಬಿದ್ದವರಿಗೆ ದಾರಿ ಉದ್ದವಿರಬಹುದು, ಮುಚ್ಚಿಲ್ಲ. ಪೌಲ ಬಾರ್ನಬರ ಜೊತೆ ಸುವಾರ್ತೆ ಸಾರಲು ಹೊರಟಿದ್ದ ಯೋಹಾನ ಮಾರ್ಕನು ಪಂಫುಲ್ಯದಲ್ಲಿ ಅವರನ್ನು ನಡುದಾರಿಯಲ್ಲೇ ಬಿಟ್ಟುಹೋದ. ಅವನನ್ನು ಮತ್ತೆ ಕರೆದುಕೊಂಡು ಹೋಗುವ ವಿಷಯದಲ್ಲೇ ಪೌಲ ಬಾರ್ನಬರು ಜಗಳವಾಡಿ ಬೇರೆಯಾದರು. ಅದೇ ಪೌಲ ಕೊನೆಗೆ ಜೈಲಿನಿಂದ ಬರೆಯುತ್ತಾನೆ, ಮಾರ್ಕನನ್ನು ಕರೆದುಕೊಂಡು ಬಾ, ಸೇವೆಗೆ ಉಪಯೋಗವಾಗಿದ್ದಾನೆ (2 ತಿಮೊಥೆ 4:11). ನಡುವಿನ ವರ್ಷಗಳಲ್ಲಿ ಮಾರ್ಕನನ್ನು ಜೊತೆಗಿಟ್ಟುಕೊಂಡು ಸೈಪ್ರಸ್‌ಗೆ ಹೋದವನು ಬಾರ್ನಬ. ಪ್ರತಿ ಸಭೆಗೂ ಅಂಥ ಒಬ್ಬರು ಬೇಕು.

ಮನಸ್ಸು ಒಪ್ಪದಿದ್ದರೆ

ಅರಿಕೆಯಾಯಿತು, ದುಡ್ಡು ಕೊಟ್ಟಾಯಿತು, ಎಲ್ಲರೂ ಕ್ಷಮಿಸಿದರು. ಆದರೂ ರಾತ್ರಿ ಎರಡಕ್ಕೆ ಎಚ್ಚರವಾಗಿ ಅದೇ ನೆನಪು. ಹೀಗೆ ಕೆಲವು ದಿನ ಆಗುವುದು ಸಹಜ. ಅದೇ ಪಾಪವನ್ನು ಮತ್ತೆ ಮತ್ತೆ ಅರಿಕೆ ಮಾಡಬೇಡಿ. ನೆನಪಾದಾಗ “ಇದು ಕ್ಷಮೆಯಾಗಿದೆ, ಸ್ತೋತ್ರ” ಅಂದು ಎದ್ದು ನೀರು ಕುಡಿಯಿರಿ.

ವಾರಗಟ್ಟಲೆ ನಿದ್ದೆ ಊಟ ಸೇರದೆ ಹೋದರೆ, ದಿನಕ್ಕೆ ಹತ್ತು ಸಲ ಅರಿಕೆ ಮಾಡಿದರೂ ಸಾಲದು ಅನಿಸಿದರೆ, ಬದುಕಿ ಏನು ಪ್ರಯೋಜನ ಅನಿಸಿದರೆ, ಅದನ್ನು ವಿಶ್ವಾಸದ ಕೊರತೆ ಅನ್ನಬೇಡಿ. ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಯೇಸುವನ್ನು ಹಿಡಿದುಕೊಟ್ಟ ಯೂದನಿಗೂ ಪಶ್ಚಾತ್ತಾಪವಾಗಿತ್ತು, ದುಡ್ಡನ್ನೂ ವಾಪಸ್ ಎಸೆದ. ತಾನು ನಿರಪರಾಧಿಯನ್ನು ಹಿಡಿದುಕೊಟ್ಟೆ ಅಂತ ಯಾಜಕರ ಮುಂದೆ ಹೇಳಿದಾಗ ಅವರು ಕೊಟ್ಟ ಉತ್ತರ “ಅದು ನಮಗೇನು? ನೀನೇ ನೋಡಿಕೋ.” ಆಮೇಲೆ ಅವನು ಒಬ್ಬನೇ ಹೊರಗೆ ಹೋದ. ಅಂಥ ಹೊತ್ತಿನಲ್ಲಿ ಯಾರನ್ನೂ ಒಬ್ಬರನ್ನೇ ಬಿಡಬಾರದು.

ಮತ್ತೆ ಬಿದ್ದರೆ

ಬೀಳಬಹುದು. ಪೇತ್ರನೇ ಮತ್ತೆ ಎಡವಿದ. ಅಂತಿಯೋಕ್ಯದಲ್ಲಿ ಜನರಿಗೆ ಹೆದರಿ ಅನ್ಯಜನರ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಾಗ ಪೌಲನು ಮುಖಕ್ಕೆ ಮುಖ ಕೊಟ್ಟು ಬೈದ (ಗಲಾತ್ಯ 2:11). ಮತ್ತೆ ಮೊದಲ ಹಂತದಿಂದ ಶುರು ಮಾಡಿ, ಆದರೆ ಈ ಸಲ ಬಿದ್ದ ದಾರಿಯನ್ನೂ ಮುಚ್ಚಿ. ನಮ್ಮ ಹುಡುಗನಾದರೆ ಬೆಟ್ಟಿಂಗ್ ಆ್ಯಪ್ ತೆಗೆದರೆ ಸಾಲದು, ಹತ್ತು ನಿಮಿಷದಲ್ಲಿ ಮತ್ತೆ ಹಾಕಿಕೊಳ್ಳಬಹುದು. ಸಂಬಳ ಆರು ತಿಂಗಳು ಅಮ್ಮನ ಖಾತೆಗೆ ಹೋಗಲಿ. ಯುಪಿಐ ದಿನದ ಮಿತಿ ಕಡಿಮೆ ಮಾಡಲಿ. ಐಪಿಎಲ್ ಸಂಜೆಗಳಲ್ಲಿ ಅದೇ ಗೆಳೆಯರ ಜೊತೆ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಮ್ಯಾಚ್ ನೋಡುವುದನ್ನು ಬಿಡಲಿ. ಈ ಕೊನೆಯದೇ ಕಷ್ಟ, ಗೊತ್ತು.

ಜೊತೆಗೆ ವಾರಕ್ಕೊಮ್ಮೆ ಕೇಳುವವರೊಬ್ಬರು ಬೇಕು. ಮೆಥೊಡಿಸ್ಟ್ ಚಳವಳಿ ಶುರು ಮಾಡಿದ ಜಾನ್ ವೆಸ್ಲಿ 1738ರಲ್ಲಿ ಸಣ್ಣ ಗುಂಪುಗಳಿಗೆ ಬರೆದುಕೊಟ್ಟ ಪ್ರಶ್ನೆಗಳು ಇವತ್ತಿಗೂ ಸಾಕು: ಕಳೆದ ಸಲ ಸೇರಿದ ಮೇಲೆ ಗೊತ್ತಿದ್ದೂ ಮಾಡಿದ ಪಾಪ ಯಾವುದು? ಎದುರಾದ ಶೋಧನೆ ಯಾವುದು? ಅದರಿಂದ ಹೇಗೆ ಪಾರಾದೆ? ವೆಸ್ಲಿಯನ್ ಮಿಷನ್ನಿನವರು ಮೈಸೂರು ಸೀಮೆಯಲ್ಲಿ ಎಷ್ಟೋ ವರ್ಷ ದುಡಿದರು. ಅವರ ಶಾಲೆಗಳನ್ನು ನಾವು ನೆನಪಿಟ್ಟುಕೊಂಡಿದ್ದೇವೆ, ಈ ಪ್ರಶ್ನೆಗಳನ್ನು ಬಿಟ್ಟುಬಿಟ್ಟಿದ್ದೇವೆ.

ಬರಮಾಡಿಕೊಳ್ಳುವವರಿಗೆ

ಅವರು ಮೊದಲ ಭಾನುವಾರ ಬಂದಾಗ ಬಾಗಿಲಲ್ಲಿ ನಿಂತು “ಏನಪ್ಪಾ, ತುಂಬಾ ದಿನ ಆಯ್ತಲ್ಲ, ಕಾಣಿಸ್ಲೇ ಇಲ್ಲ?” ಅನ್ನಬೇಡಿ. ನೀವು ಪ್ರೀತಿಯಿಂದಲೇ ಕೇಳಿದ್ದು. ಅವರಿಗೆ ಅದು ಕೋರ್ಟಿನಲ್ಲಿ ಕೇಳಿದ ಹಾಗೆ ಇರುತ್ತದೆ. “ಬಾ, ಇಲ್ಲಿ ಕೂತ್ಕೋ” ಸಾಕು. ಆರಾಧನೆ ಮುಗಿದ ಮೇಲೆ ಮನೆಗೆ ಕರೆದು ಊಟ ಹಾಕಿ. ಊಟದ ನಡುವೆ ಆ ವಿಷಯ ಎತ್ತಬೇಡಿ, ಅವರು ಎತ್ತಿದರೆ ಕೇಳಿಸಿಕೊಳ್ಳಿ. ಮನೆಯ ಮಕ್ಕಳಿಗೂ ಮೊದಲೇ ಹೇಳಿಡಿ, ಅವರು ಸತ್ಯ ಹೇಳಿಬಿಡುತ್ತಾರೆ.

ಒಂದೆರಡು ವಾರದಲ್ಲಿ ಸಣ್ಣ ಕೆಲಸ ಕೊಡಿ. ಕುರ್ಚಿ ಹಾಕುವುದು, ಹಾಡಿನ ಪುಸ್ತಕ ಹಂಚುವುದು, ವಯಸ್ಸಾದವರನ್ನು ಗಾಡಿಯಲ್ಲಿ ಕರೆತರುವುದು. ನಮ್ಮ ಹುಡುಗನ ವಿಷಯದಲ್ಲಿ ಕಾಣಿಕೆ ಎಣಿಸಲು ಮಾತ್ರ ಕರೆಯಬೇಡಿ, ಅವನಾಗಿ ಕೇಳಿದರೂ. ಜೊತೆಗೆ ಇನ್ನೊಂದು ಕೆಲಸ ಕಮಿಟಿಯದೇ ಇದೆ. ಒಬ್ಬ ಹುಡುಗನ ಕೈಗೆ ಅಷ್ಟೂ ದುಡ್ಡು ಕೊಟ್ಟು ತಿಂಗಳುಗಟ್ಟಲೆ ಲೆಕ್ಕ ಕೇಳದವರು ಯಾರು? ಇನ್ನು ಮೇಲೆ ಹರಾಜಿನ ದುಡ್ಡನ್ನು ಇಬ್ಬರು ಕೂತು ಎಣಿಸಲಿ, ಇಬ್ಬರೂ ಸಹಿ ಮಾಡಲಿ, ಸೋಮವಾರ ಮಧ್ಯಾಹ್ನದೊಳಗೆ ಬ್ಯಾಂಕಿಗೆ ಕಟ್ಟಲಿ.